ಅಣ್ಣನ ಯಂತ್ರದ ಒಪ್ಪೋಲೆ



ಕಳೆದ ಬೇಸಿಗೆಯಲ್ಲಿ ಅಣ್ಣನ ಮಗ ಬೆಂಗಳೂರಿನಿಂದ ಅರಸೀಕೆರೆಗೆ ಬಂದವನು, ಮನೆಯ ಅಟ್ಟವನ್ನು ಶುಚಿಗೊಳಿಸುವ ನೆಪದಲ್ಲಿ ಒಂದು ರಟ್ಟಿನ ಪೆಟ್ಟಿಗೆಯನ್ನು ಕೆಳಗಿಳಿಸಿದನು. ಅದರೊಳಗೆ ಹಳೆಯ ಧೋತರದಲ್ಲಿ ಸುತ್ತಿಟ್ಟ ಅಂಗೈಯಗಲದ ಕಪ್ಪು ಯಂತ್ರ, ಮೂರು ಕ್ಯಾಸೆಟ್ಟುಗಳು, ಒಂದು ಇನ್ನೂರು ಪುಟದ ನೋಟುಪುಸ್ತಕ. ಯಂತ್ರವನ್ನು ಕಂಡೊಡನೆ ನನ್ನ ಅತ್ತಿಗೆಯವರು, "ಇದು ಇನ್ನೂ ಇದೆಯೇನಪ್ಪಾ! ಇದರ ದೆಸೆಯಿಂದ ನಿಮ್ಮಪ್ಪ ನನ್ನ ಭಕ್ತಿಗೀತೆಯ ಕ್ಯಾಸೆಟ್ಟನ್ನೆಲ್ಲ ಕೀರಲು ದನಿ ಮಾಡಿಬಿಟ್ಟರು" ಎಂದರು. ನಗುತ್ತಲೇ ಹೇಳಿದರಾದರೂ ಸೆರಗು ಕಣ್ಣಿಗೆ ಹೋಗಿತ್ತು. ಅಣ್ಣ ಲಿಂಗೈಕ್ಯನಾದುದು 2011ರಲ್ಲಿ.

ಆ ಯಂತ್ರ ಸಿಂಕ್ಲೇರ್ ಸ್ಪೆಕ್ಟ್ರಮ್ ಎಂಬ ಮನೆಬಳಕೆಯ ಗಣಕಯಂತ್ರ. ಇಂಗ್ಲೆಂಡಿನಲ್ಲಿ ಅದು 1982ರ ಏಪ್ರಿಲ್‌ನಲ್ಲಿ ಹೊರಬಂದಿತು. 16 ಕೆ ಸ್ಮೃತಿಯ ಮಾದರಿಗೆ 125 ಪೌಂಡ್, 48 ಕೆ ಮಾದರಿಗೆ 175 ಪೌಂಡ್ ಬೆಲೆ. ನಮ್ಮ ದೇಶದಲ್ಲಿ ಡೆಸಿಬೆಲ್ಸ್ ಸಂಸ್ಥೆಯವರು ಆ ದಶಕದಲ್ಲೇ ಇದರ ಒಂದು ರೂಪವನ್ನು ಮಾರುತ್ತಿದ್ದರು. ಸರ್ಕಾರವು 1984ರಲ್ಲಿ ಶಾಲೆಗಳಿಗಾಗಿ ಆರಂಭಿಸಿದ ಕ್ಲಾಸ್ ಯೋಜನೆಯಲ್ಲಿ ಬಳಸಿದ್ದು ಬೇರೊಂದು ಯಂತ್ರ, ಬಿಬಿಸಿ ಮೈಕ್ರೋ. ಪ್ರೌಢಶಾಲೆಯ ಉಪಾಧ್ಯಾಯನಾಗಿದ್ದ ಅಣ್ಣ ಅದನ್ನು ನೋಡಿ ಬಂದು ಆಸೆಪಟ್ಟನು. ಅದು ಕೈಗೆಟುಕುವ ವಸ್ತುವಲ್ಲ. ಅದೇ ವರ್ಷ ಲಂಡನ್ನಿನಿಂದ ಹಿಂದಿರುಗಿದ ಬಂಧುವೊಬ್ಬರು ತಂದುಕೊಟ್ಟ 16 ಕೆ ಸ್ಪೆಕ್ಟ್ರಮ್ಮೇ ಅವನಿಗೆ ದಕ್ಕಿದ್ದು.

ಗಣಕಯಂತ್ರ ಬೇಕಾದುದೇಕೆಂದರೆ, ಅಣ್ಣನಿಗೆ ಕಲ್ಲುಗಳ ಹುಚ್ಚು. ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ನಮ್ಮೂರಿನದೇ ಆದ ನಕ್ಷತ್ರಾಕಾರದ ಮಂಟಪವುಳ್ಳ ಶಿವಾಲಯ, ಇವುಗಳ ವಿಷಯ ಬರೆದವರು ಬಹಳ ಮಂದಿ. ಬೇಲೂರು ಹಳೇಬೀಡುಗಳು ಸೋಮನಾಥಪುರದೊಡನೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ಹಾಸನ ಜಿಲ್ಲೆಯ ಶಾಸನಗಳನ್ನು ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟವಾಗಿ 1902ರಲ್ಲಿಯೇ ಪ್ರಕಟಿಸಿದರು. ಅಣ್ಣನ ಕಣ್ಣು ಇವುಗಳ ಮೇಲಿರಲಿಲ್ಲ. ಕೆರೆಯ ಏರಿಯ ಮೇಲೆ, ತೆಂಗಿನ ತೋಟದ ಬೇಲಿಯಲ್ಲಿ, ಬಟ್ಟೆ ಒಗೆಯುವ ಕಲ್ಲಾಗಿ ಬಿದ್ದಿರುವ ವೀರಗಲ್ಲು ಮಾಸ್ತಿಕಲ್ಲುಗಳ ಮೇಲಿತ್ತು. ಭಾನುವಾರ ಬಂದರೆ ಸೈಕಲ್ಲು ಹತ್ತಿ ಬಾಣಾವರ, ಜಾವಗಲ್ಲು, ಹಾರನಹಳ್ಳಿಯ ಕಡೆಗೆ ಹೊರಟುಬಿಡುವನು. ಊರು, ಕಲ್ಲಿರುವ ಎಡೆ, ಪಟ್ಟಿಕೆಗಳೆಷ್ಟು, ಅಕ್ಷರವಿದ್ದರೆ ವೀರನ ಹೆಸರು, ಕಾಲ, ಇಷ್ಟನ್ನು ಒಂದು ಸಾಲಿಗೆ ಅಡಕಗೊಳಿಸಿ ಬರೆದುಕೊಳ್ಳುವನು. ಹೀಗೆ 620 ಸಾಲುಗಳು. ಮೂಲ ಕೈಬರಹದ ಪುಸ್ತಕಗಳನ್ನು 1992ರ ಮಳೆಗಾಲದಲ್ಲಿ ಗೆದ್ದಲು ತಿಂದುಹಾಕಿತು. ಉಳಿದುದು ಕ್ಯಾಸೆಟ್ಟಿನಲ್ಲಿದ್ದ ಪ್ರತಿ ಮಾತ್ರ. ಅವನು ನೋಡಿದ್ದ ಕಲ್ಲುಗಳಲ್ಲಿ ಹಲವು ಈಗ ಆ ಎಡೆಯಲ್ಲಿಲ್ಲ. ರಸ್ತೆಯ ಬುಡಕ್ಕೋ ಮನೆಯ ಪಾಯಕ್ಕೋ ಸೇರಿಹೋಗಿವೆ.

ಈ ಪಟ್ಟಿ 16 ಕೆ ಯಂತ್ರದಲ್ಲಿ ಹಿಡಿಸುವಂಥದಲ್ಲ. ಅದರ ಸ್ಮೃತಿಯಲ್ಲಿ ಪರದೆಯ ಚಿತ್ರಕ್ಕೇ 6912 ಬೈಟುಗಳು ಹೋಗುತ್ತವೆ. ಯಂತ್ರದ ಸ್ವಂತ ಲೆಕ್ಕಪತ್ರಗಳಿಗೆ ಬಿಟ್ಟು ಮಿಕ್ಕಿದ್ದು ಒಂಬತ್ತು ಸಾವಿರ ಅಕ್ಷರಗಳಿಗೂ ಕಡಿಮೆ. ಪ್ರತಿ ಸಾಲಿಗೆ 40 ಅಕ್ಷರದಂತೆ 620 ಸಾಲಿಗೆ 24,800 ಅಕ್ಷರಗಳು ಬೇಕು. ಆದುದರಿಂದ 1986ರಲ್ಲಿ ಅಣ್ಣ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಿಂದ ಹನ್ನೆರಡು ಚಿಪ್ಪುಗಳನ್ನು ಕೊಂಡು ತಂದನು. ಎಂಟು ಸ್ಮೃತಿಯ ಚಿಪ್ಪುಗಳು, ನಾಲ್ಕು ಅವುಗಳಿಗೆ ದಾರಿ ತೋರುವ ಚಿಪ್ಪುಗಳು. ಹಲಗೆಯ ಮೇಲೆ ಖಾಲಿ ಬಿಟ್ಟಿದ್ದ ಹನ್ನೆರಡು ಗೂಡುಗಳಲ್ಲಿ ಅವನ್ನು ತಾನೇ ಕೂರಿಸಿದನು. ಯಂತ್ರವನ್ನು ಕೇಳಿದರೆ ತನ್ನ ಸ್ಮೃತಿ 65535ರವರೆಗೂ ಇದೆ ಎಂದು ಉತ್ತರಿಸಿತು. ಅಂದರೆ ಪೂರ್ಣ 48 ಕೆ. ಅಂದು ಮನೆಯಲ್ಲಿ ಪಾಯಸವಾಯಿತೆಂದು ಅತ್ತಿಗೆಯವರು ಈಗಲೂ ಹೇಳುತ್ತಾರೆ.

ತೊಂದರೆ ಆರಂಭವಾದುದು ಆಮೇಲೆ. ಆ ಯಂತ್ರಕ್ಕೆ ಕನ್ನಡ ಬಾರದು. ಬಳಸುವವರು ತಾವೇ ಬರೆದುಕೊಳ್ಳಬಹುದಾದ ಅಕ್ಷರಚಿತ್ರಗಳು ಇಪ್ಪತ್ತೊಂದೇ. ನಮ್ಮ ಕಾಗುಣಿತಕ್ಕೆ ಅದು ಯಾವ ಮೂಲೆಗೂ ಸಾಲದೆ ಅಣ್ಣ ಇಂಗ್ಲಿಷ್ ಲಿಪಿಯಲ್ಲೇ, ಹ್ರಸ್ವ ದೀರ್ಘಗಳ ಗೊಡವೆಯಿಲ್ಲದೆ, ವಿದ್ವಾಂಸರ ಪದ್ಧತಿಯಂತೆ ಚಕಾರಕ್ಕೆ 'ಸಿ' ಎಂಬ ಅಕ್ಷರವನ್ನಿಟ್ಟು ಬರೆಯುತ್ತಿದ್ದನು. ಬರೆದುದನ್ನು ಮತ್ತೆ ಓದಿದರೆ ಅಲ್ಲೊಂದು ಇಲ್ಲೊಂದು ಅಕ್ಷರ ಬೇರೆಯಾಗಿರುತ್ತಿತ್ತು. ತಿದ್ದುವನು. ಮರಳಿ ಅದೇ ತಪ್ಪು. ಅವನಿಗೆ ಆಗಲೇ ಕನ್ನಡಕ ಬಂದಿತ್ತು. ತನ್ನ ಕಣ್ಣಿನ ದೋಷವೆಂದುಕೊಂಡನೋ ಬೆರಳಿನ ದೋಷವೆಂದುಕೊಂಡನೋ, ಯಂತ್ರವನ್ನು ಮಾತ್ರ ಅವನು ಶಂಕಿಸಲಿಲ್ಲ. ಯಂತ್ರ ಶುದ್ಧ, ಮನುಷ್ಯ ಅಶುದ್ಧ ಎಂಬ ಭಾವನೆ ಆ ಕಾಲದ ಉಪಾಧ್ಯಾಯರಲ್ಲಿ ಬಲವಾಗಿತ್ತು. ಈಗಲೂ ಅದು ತೊಲಗಿದೆಯೆಂದು ನನಗೆ ತೋರುವುದಿಲ್ಲ. ಆ ಇನ್ನೂರು ಪುಟದ ನೋಟುಪುಸ್ತಕದಲ್ಲಿದ್ದುದು ಒಂದೇ ಪುಟ ಬರಹ. ಹಳೆಯ ಗ್ರಂಥಗಳ ಕೊನೆಯಲ್ಲಿ ಹಾಕುತ್ತಿದ್ದ ಒಪ್ಪೋಲೆಯಂತೆ ಸಾಲಿನ ಸಂಖ್ಯೆ, ತಾನು ಒತ್ತಿದ ಪದ, ಪರದೆ ತೋರಿದ ಪದ. ಒಟ್ಟು ಹನ್ನೊಂದು. ಕೆಲವದರ ಮುಂದೆ ಕೆಂಪು ಶಾಯಿಯಲ್ಲಿ "ಮೂರು ಸಲ ತಿದ್ದಿದೆ" ಎಂಬ ಟಿಪ್ಪಣಿ.

ಅಣ್ಣನ ಮಗನಿಗೆ ವಿದ್ಯುನ್ಮಾನದ ವಿದ್ಯೆ ಗೊತ್ತು. ಅವನು ಮೊದಲು ಮಾಡಿದ್ದು ಯಂತ್ರಕ್ಕೆ ವಿದ್ಯುತ್ತು ಕೊಡದೆ ಇರುವುದು. ನಲವತ್ತು ವರ್ಷದ ಯಂತ್ರವನ್ನು ಅಟ್ಟದಿಂದ ಇಳಿಸಿದೊಡನೆ ಗೋಡೆಗೆ ಚುಚ್ಚಬಾರದು ಎಂದನು. ಈ ಯಂತ್ರದ ಮೂಲ 16 ಕೆ ಸ್ಮೃತಿಯ ಚಿಪ್ಪುಗಳಿಗೆ ಮೂರು ಬಗೆಯ ವಿದ್ಯುತ್ತು ಬೇಕು: ಹನ್ನೆರಡು ವೋಲ್ಟ್, ಐದು ವೋಲ್ಟ್, ಋಣ ಐದು ವೋಲ್ಟ್. ಇವುಗಳಲ್ಲಿ ಋಣ ಐದು ತಪ್ಪಿ ಉಳಿದವು ಬಂದರೆ ಚಿಪ್ಪುಗಳು ಕಾದು ಸುಟ್ಟುಹೋಗುವವಂತೆ. ಆದುದರಿಂದ ಒಣಗಿಹೋದ ಹಳೆಯ ಕಂಡೆನ್ಸರುಗಳನ್ನು ಬದಲಿಸಿ, ಮೀಟರು ಹಿಡಿದು ಮೂರನ್ನೂ ಅಳೆದು, ಚಿಪ್ಪುಗಳನ್ನು ಒಂದೊಂದಾಗಿ ಮೇಲೆತ್ತಿ ಕಾಲುಗಳ ಕಿಲುಬನ್ನು ಒರೆಸಿ ಮತ್ತೆ ಅದೇ ಗೂಡಿನಲ್ಲಿ ಒತ್ತಿ ಕೂರಿಸಿದನು. ಹಳೆಯ ಯಂತ್ರಗಳ ಕಾಯಿಲೆಯಲ್ಲಿ ಅರ್ಧಪಾಲು ಈ ಕಿಲುಬಿನದೇ ಅಂತೆ. ಯಂತ್ರ ಎದ್ದಿತು. ಕ್ಯಾಸೆಟ್ಟು ಎರಡು ಸಲ ಮುನಿಸಿಕೊಂಡು ಮೂರನೆಯ ಸಲ, ಸುಮಾರು ಎರಡೂವರೆ ನಿಮಿಷ ಕಿರುಚಿ, ಪಟ್ಟಿಯನ್ನು ಒಪ್ಪಿಸಿತು. ಆದರೆ ತಪ್ಪುಗಳು ಹಾಗೆಯೇ ಇದ್ದವು.

"ಚಿಕ್ಕಪ್ಪಾ, ಕ್ಯಾಸೆಟ್ಟೇ ಹಾಳಾಗಿರಬೇಕು" ಎಂದನು.

ನಾನು ಗಣಕಯಂತ್ರವನ್ನು ಬಲ್ಲವನಲ್ಲ. ಮಠದ ಪಾಠಶಾಲೆಯಲ್ಲಿ ನಮಗೆ ಕಲಿಸಿದ್ದು ಓಲೆಗರಿಯನ್ನು ಓದುವುದನ್ನು. ಅದರಲ್ಲಿ ಮೊದಲ ಪಾಠವೇ ಲಿಪಿಕಾರನ ತಪ್ಪುಗಳನ್ನು ವಿಂಗಡಿಸುವುದು. ಪಕಾರ ವಕಾರಗಳನ್ನು ಅದಲುಬದಲಾಗಿಸುವವನು ಕಣ್ಣಿನ ತಪ್ಪು ಮಾಡುತ್ತಾನೆ. ಥಕಾರದ ಬದಲು ಧಕಾರ ಬರೆಯುವವನು ಒಂದು ಗೀರು ಮರೆಯುತ್ತಾನೆ. ಸಾಲನ್ನೇ ಹಾರಿಸುವವನದು ನಿದ್ದೆಯ ತಪ್ಪು. ತಪ್ಪಿಗೂ ಒಂದು ನಡೆಯಿರುತ್ತದೆ, ಆ ನಡೆಯನ್ನು ಹಿಡಿದರೆ ತಪ್ಪು ಮಾಡಿದವನನ್ನು ಹಿಡಿಯಬಹುದು. ಹೀಗೆಂದು ಕಲಿತ ನಾನು ಅಣ್ಣನ ಒಪ್ಪೋಲೆಯನ್ನು ಮುಂದಿಟ್ಟುಕೊಂಡು ಕುಳಿತೆನು.

'ತಮ್ಮಯ್ಯ' ಎಂದು ಒತ್ತಿದರೆ 'ದಮ್ಮಯ್ಯ'. 'ಅರಸಿಕೆರೆ' ಎಂದರೆ 'ಅರಚಿಕೆರೆ'. 'ಹಳೇಬೀಡು' ಹೋಗಿ 'ಹಳೇಬೀಡೆ'. ಇನ್ನೊಂದೆಡೆ 'ಕೆರೆ' ಎಂಬುದು 'ಕೆಬೆ'. ಇಸವಿಯೊಂದರಲ್ಲಿ ಒಂದರ ಅಂಕಿಯ ಜಾಗದಲ್ಲಿ ಆಶ್ಚರ್ಯಸೂಚಕ ಚಿಹ್ನೆ. ಇಂಗ್ಲಿಷ್ ಅಕ್ಷರಗಳಲ್ಲಿ ಹೇಳುವುದಾದರೆ 'ಟಿ' ಹೋಗಿ 'ಡಿ', 'ಎಸ್' ಹೋಗಿ 'ಸಿ', 'ಯು' ಹೋಗಿ 'ಇ', 'ಆರ್' ಹೋಗಿ 'ಬಿ'. ಎಂದೂ ಇದರ ತಿರುವುಮುರುವು ಇಲ್ಲ. 'ಡಿ' ಒತ್ತಿದರೆ 'ಟಿ' ಬಂದ ಉದಾಹರಣೆ ಒಂದೂ ಇಲ್ಲ. ತಪ್ಪುವುದು ವರ್ಣಮಾಲೆಯ ಹಿಂಭಾಗದ ಅಕ್ಷರಗಳು, ಬರುವುದು ಮುಂಭಾಗದವು. ಕ್ಯಾಸೆಟ್ಟಿನ ಸವೆತವಾದರೆ ಹೀಗೆ ಒಂದೇ ದಿಕ್ಕಿಗೆ ನಡೆಯುವುದೇ? ಮಗುವನ್ನು ಕೇಳಿದೆ: "ಈ ಅಕ್ಷರಗಳಿಗೆ ಯಂತ್ರದೊಳಗೆ ಸಂಖ್ಯೆಗಳಿವೆಯಂತಲ್ಲ, ಹೇಳು ನೋಡೋಣ." ಅವನು ಹೇಳುತ್ತಾ ಹೋದನು. 'ಟಿ'ಗೆ 116, 'ಡಿ'ಗೆ 100. 'ಎಸ್'ಗೆ 115, 'ಸಿ'ಗೆ 99. 'ಯು'ಗೆ 117, 'ಇ'ಗೆ 101. ಒಂದರ ಅಂಕಿಗೆ 49, ಆಶ್ಚರ್ಯಸೂಚಕಕ್ಕೆ 33. ಮೂರನೆಯದಕ್ಕೆ ಬರುವಷ್ಟರಲ್ಲಿ ಅವನೇ ಹೇಳುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದನು. ಎಲ್ಲೆಲ್ಲೂ ಕಳೆದುಹೋಗಿರುವುದು 16.

ಇನ್ನೊಂದು ಸಂಗತಿಯೂ ಇತ್ತು. ಒಪ್ಪೋಲೆಯಲ್ಲಿ 150ಕ್ಕಿಂತ ಮುಂಚಿನ ಸಾಲು ಒಂದೂ ಇರಲಿಲ್ಲ. ಮೊದಲಲ್ಲಿ ಜಾಗರೂಕನಾಗಿದ್ದ ಅಣ್ಣ ಆಮೇಲೆ ದಣಿದನೆಂದು ನಾನು ತಿಳಿದೆನು. ಮಗು ಬೆರಳೆಣಿಸಿ ಲೆಕ್ಕ ಹಾಕಿ ಹೇಳಿದನು: "ಅಲ್ಲ ಚಿಕ್ಕಪ್ಪಾ, ಮೊದಲ 149 ಸಾಲು ಮುಗಿಯುವುದು ಹೆಚ್ಚುಕಡಿಮೆ 32767ನೆಯ ಮನೆಗೆ. ಅಲ್ಲಿಗೆ ಹಳೆಯ ಸ್ಮೃತಿ ಮುಗಿಯಿತು. ತಪ್ಪೆಲ್ಲ ಅಪ್ಪಾಜಿ ಆಮೇಲೆ ಸೇರಿಸಿದ ಚಿಪ್ಪುಗಳಲ್ಲೇ ಇದೆ."

ಇಲ್ಲಿ ಸ್ಮೃತಿಯ ಚಿಪ್ಪು ಎಂದರೇನೆಂಬುದನ್ನು ಓದುಗರಿಗೆ ಎರಡು ಮಾತಿನಲ್ಲಿ ಹೇಳಬೇಕು. ಒಂದೊಂದು ಬಿಟ್ಟಿಗೂ ಒಂದೊಂದು ಅಣುಮಾತ್ರದ ಪಾತ್ರೆ. ವಿದ್ಯುತ್ತು ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. ಈ ಏರ್ಪಾಟಿಗೆ ಅಮೆರಿಕದ ಐಬಿಎಂ ಸಂಸ್ಥೆಯಲ್ಲಿದ್ದ ರಾಬರ್ಟ್ ಡೆನಾರ್ಡ್ ಎಂಬವರು 1968ರಲ್ಲಿ ಪೇಟೆಂಟು ಪಡೆದರು. ಪಾತ್ರೆ ನಮ್ಮ ತೂತುಬಿದ್ದ ಕರಟದಂತೆ ಸದಾ ಸೋರುತ್ತಿರುತ್ತದೆ. ಆದುದರಿಂದ ಸೆಕೆಂಡಿನ ಐನೂರರಲ್ಲೊಂದು ಪಾಲು ಕಾಲದೊಳಗೆ ಎಲ್ಲ ಕರಟಗಳನ್ನೂ ಒಮ್ಮೆ ನೋಡಿ, ತುಂಬಿದ್ದವನ್ನು ಮರಳಿ ತುಂಬುತ್ತಿರಬೇಕು. ಯಂತ್ರದ ನೆನಪೆಂಬುದು ಇಟ್ಟಲ್ಲಿ ಇರುವ ವಸ್ತುವಲ್ಲ, ಎಡೆಬಿಡದೆ ಮಾಡುವ ನೇಮ. ಒಂದು ಅಕ್ಷರಕ್ಕೆ ಎಂಟು ಬಿಟ್ಟುಗಳು: 1, 2, 4, 8, 16, 32, 64, 128. ಎಂಟು ಚಿಪ್ಪುಗಳೂ ಪ್ರತಿ ಅಕ್ಷರದಲ್ಲಿ ಒಂದೊಂದು ಬಿಟ್ಟನ್ನು ಹೊರುತ್ತವೆ, ಅಡ್ಡೆಯನ್ನು ಎಂಟು ಜನ ಹೊತ್ತಂತೆ. ಹದಿನಾರರ ಹೊರೆ ಐದನೆಯವನದು. ಅವನು ಕೆಲವು ಮನೆಗಳಲ್ಲಿ ಹೆಗಲು ಕೊಡುತ್ತಿಲ್ಲವೆಂದಾಯಿತು.

ಹಾಗಿದ್ದರೆ ಯಂತ್ರ ತಾನು ಸಂಪೂರ್ಣ ಆರೋಗ್ಯವಾಗಿದ್ದೇನೆಂದು 65535ರ ಲೆಕ್ಕ ಒಪ್ಪಿಸಿದ್ದು ಹೇಗೆ? ಈ ಪ್ರಶ್ನೆ ನನ್ನನ್ನು ಒಂದು ರಾತ್ರಿ ಕಾಡಿತು. ಮರುದಿನ ಮಗು ಅದರ ಗುಟ್ಟನ್ನು ವಿವರಿಸಿದನು. ಸ್ಪೆಕ್ಟ್ರಮ್ ಎದ್ದೊಡನೆ ತನ್ನ ಸ್ಮೃತಿಯ ಪ್ರತಿಯೊಂದು ಮನೆಯಲ್ಲಿಯೂ ಎರಡು ಎಂಬ ಸಂಖ್ಯೆಯನ್ನು ಇಡುತ್ತದೆ. ಆಮೇಲೆ ಕೆಳಗಿನಿಂದ ಒಂದೊಂದು ಮನೆಗೂ ಹೋಗಿ ಒಂದನ್ನು ಕಳೆಯುತ್ತದೆ, ಮತ್ತೊಂದನ್ನು ಕಳೆಯುತ್ತದೆ. ಸೊನ್ನೆ ಬಂದರೆ ಮನೆ ಸರಿಯೆಂದು ಮುಂದಕ್ಕೆ ಹೋಗುತ್ತದೆ. ಎರಡು, ಒಂದು, ಸೊನ್ನೆ, ಇಷ್ಟೇ ಪರೀಕ್ಷೆ. ಹದಿನಾರರ ಬಿಟ್ಟು ಇದರಲ್ಲಿ ಒಮ್ಮೆಯೂ ತುಂಬುವುದಿಲ್ಲ. ತುಂಬಲಾರದ ಕರಟ ಬರಿದಾಗಿಯೇ ಇದ್ದು ಉತ್ತೀರ್ಣವಾಗಿಬಿಡುತ್ತದೆ. ಐವತ್ತಕ್ಷರದಲ್ಲಿ ಅ ಆ ಎರಡನ್ನು ಕೇಳಿ ಹುಡುಗನನ್ನು ಮೇಲಿನ ತರಗತಿಗೆ ಕಳುಹಿಸಿದಂತೆ! ಆ ಪರೀಕ್ಷೆಯನ್ನು ಬರೆದವರ ಉದ್ದೇಶ ಸ್ಮೃತಿ 16 ಕೆಯೋ 48 ಕೆಯೋ ಎಂದು ಅಳೆಯುವುದಷ್ಟೆ. ಅದನ್ನು ಆರೋಗ್ಯದ ಪ್ರಮಾಣಪತ್ರವೆಂದು ತಿಳಿದುದು ನಮ್ಮ ತಪ್ಪು.

ಸರಿಯಾದ ಪರೀಕ್ಷೆ ಹೀಗೆ. ಮೊದಲು ಕ್ಲಿಯರ್ 32767 ಎಂದು ಆಜ್ಞೆ ಕೊಟ್ಟು ಯಂತ್ರದ ಸ್ವಂತ ಕೆಲಸಗಳನ್ನೆಲ್ಲ ಹಳೆಯ ಸ್ಮೃತಿಗೆ ಇಳಿಸಬೇಕು. ಇಲ್ಲವಾದರೆ ಕುಳಿತ ಕೊಂಬೆಯನ್ನೇ ಕಡಿದಂತಾಗುತ್ತದೆ. ಬಳಿಕ 32768ರಿಂದ 65535ರವರೆಗೆ ಪ್ರತಿ ಮನೆಗೂ ಪೋಕ್ ಆಜ್ಞೆಯಿಂದ 255 ಇಡುವುದು, ಪೀಕ್ ಆಜ್ಞೆಯಿಂದ ತೆಗೆದು ನೋಡುವುದು. 255ರಲ್ಲಿ ಎಂಟು ಬಿಟ್ಟುಗಳೂ ತುಂಬಿರುತ್ತವೆ. ಆಮೇಲೆ ಸೊನ್ನೆಯನ್ನಿಟ್ಟು ನೋಡುವುದು. ಆಮೇಲೆ 85 ಮತ್ತು 170, ಇವು ಒಂದು ಬಿಟ್ಟು ಬಿಟ್ಟು ಒಂದು ತುಂಬುವ ಸಂಖ್ಯೆಗಳು. ಇಟ್ಟ ಕೂಡಲೇ ನೋಡಿದರೆ ಸಾಲದು, ಎಲ್ಲವನ್ನೂ ತುಂಬಿ ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಬೇಗ ಸೋರುವ ಮನೆಗಳು ಗೊತ್ತಾಗುತ್ತವೆ. ಒಂದೊಂದು ಮನೆಗೂ ಬೇರೆ ಬೇರೆ ಸಂಖ್ಯೆಯನ್ನಿಟ್ಟು ನೋಡಿದರೆ, ದಾರಿ ತೋರುವ ಚಿಪ್ಪುಗಳು ಕೆಟ್ಟು ಎರಡು ವಿಳಾಸಗಳು ಒಂದೇ ಮನೆಗೆ ಹೋಗುತ್ತಿವೆಯೇ ಎಂಬುದು ತಿಳಿಯುತ್ತದೆ. ಬಹಳ ನಿಧಾನದ ಕೆಲಸ. ಅಷ್ಟರಲ್ಲಿ ಅತ್ತಿಗೆಯವರು ಎರಡು ಸಲ ಕಾಫಿ ತಂದಿಟ್ಟರು. ಪರದೆಯ ಮೇಲೆ ಒಂದೊಂದಾಗಿ 41 ಮನೆಗಳ ಸಂಖ್ಯೆ ಮೂಡಿತು. ಎಲ್ಲದರ ಮುಂದೆಯೂ ಒಂದೇ ಉತ್ತರ: 239. ಎರಡುನೂರ ಐವತ್ತೈದರಲ್ಲಿ ಹದಿನಾರು ಕಡಿಮೆ.

ಯಂತ್ರವನ್ನು ಬಿಚ್ಚಿ, ಐದನೆಯ ಚಿಪ್ಪಿನ ಬೆನ್ನನ್ನು ಭೂತಗನ್ನಡಿಯಲ್ಲಿ ನೋಡಿದೆವು. ಎಂಟರ ಮೇಲೂ 4532 ಎಂಬ ಸಂಖ್ಯೆ. ಏಳರ ಕೊನೆಯಲ್ಲಿ ಎನ್‌ಎಲ್ 3. ಐದನೆಯದರ ಕೊನೆಯಲ್ಲಿ ಎನ್‌ಎಲ್ 4. ಅಣ್ಣನ ಮಗ ಹಣೆ ಚಚ್ಚಿಕೊಂಡನು. ಈ 4532 ಎಂಬುದರ ಕಥೆಯೇ ವಿಚಿತ್ರ. ಇದು ನಿಜವಾಗಿ 64 ಕೆ ಬಿಟ್ಟುಗಳ ಚಿಪ್ಪು. ತಯಾರಿಕೆಯಲ್ಲಿ ಒಂದು ಅರ್ಧದಲ್ಲಿ ಕೆಲವು ಮನೆಗಳು ಕೆಟ್ಟರೆ, ಅದನ್ನು ಎಸೆಯದೆ, ಒಳ್ಳೆಯ ಅರ್ಧವನ್ನು ಮಾತ್ರ ಬಳಸತಕ್ಕದ್ದೆಂದು ಗುರುತು ಹಾಕಿ 32 ಕೆ ಚಿಪ್ಪೆಂದು ಅಗ್ಗವಾಗಿ ಮಾರುತ್ತಿದ್ದರು. ಸಿಂಕ್ಲೇರ್ ಸಂಸ್ಥೆಯವರು ಬೆಲೆಯನ್ನು ಇಳಿಸಲು ಇವನ್ನೇ ಕೊಂಡರು. 3 ಎಂದರೆ ಒಂದು ಅರ್ಧ ಒಳ್ಳೆಯದು, 4 ಎಂದರೆ ಮತ್ತೊಂದು. ಯಾವ ಅರ್ಧವನ್ನು ಕೇಳಬೇಕೆಂಬುದನ್ನು ಹಲಗೆಯ ಮೇಲಿನ ಒಂದು ತುಂಡು ತಂತಿ ನಿರ್ಣಯಿಸುತ್ತದೆ. ಆ ನಿರ್ಣಯ ಎಂಟಕ್ಕೂ ಒಂದೇ, ಆದುದರಿಂದ ಎಂಟೂ ಒಂದೇ ಗುರುತಿನವಾಗಿರಬೇಕು. ಅಂಗಡಿಯವನ ಡಬ್ಬಿಯಲ್ಲಿ ಕೈಬೆರಕೆಯಾಗಿತ್ತೋ ಏನೋ, ಅಣ್ಣನ ಪಾಲಿಗೆ ಏಳು ಆ ಜಾತಿ, ಒಂದು ಈ ಜಾತಿ ಬಂದಿತ್ತು. ಪಾಪ, ಆ ಐದನೆಯ ಚಿಪ್ಪಿನದಾದರೂ ಏನು ತಪ್ಪು? ಅದರಲ್ಲಿದ್ದ ಒಳ್ಳೆಯ ಅರ್ಧವನ್ನು ಯಾರೂ ಒಂದು ದಿನವೂ ಕೇಳಲಿಲ್ಲ.

ಮಗು ಆ ಚಿಪ್ಪನ್ನು ಕಿತ್ತು ಕಸದ ಬುಟ್ಟಿಗೆ ಹಾಕಲು ಹೊರಟನು. ನಾನು ಕೈ ಹಿಡಿದೆನು. ಪಾಠಾಂತರಗಳನ್ನು ನಿರ್ಣಯಿಸಿ ಮುಗಿಸುವ ತನಕ ಕೆಟ್ಟ ಪ್ರತಿಯನ್ನೂ ಎಸೆಯಬಾರದೆಂಬುದು ನಾವು ಕಲಿತ ಶಿಸ್ತು. ಕಾರಣವೂ ಇತ್ತು. ಚಿಪ್ಪುಗಳನ್ನು ಬದಲಿಸಿದರೆ ಯಂತ್ರ ಸರಿಹೋಗುತ್ತದೆ, ಪಟ್ಟಿ ಸರಿಹೋಗುವುದಿಲ್ಲ. ಅಣ್ಣ ಕ್ಯಾಸೆಟ್ಟಿಗೆ ತುಂಬಿದಾಗ ಯಂತ್ರ ತನ್ನ ಸ್ಮೃತಿಯಲ್ಲಿದ್ದುದನ್ನೇ, ತಪ್ಪು ಸಹಿತವಾಗಿ, ನಿಷ್ಠೆಯಿಂದ ಬರೆಯಿತು. ಕ್ಯಾಸೆಟ್ಟಿನ ಕೊನೆಯಲ್ಲಿ ತಾಳೆ ನೋಡಲೆಂದು ಇಡುವ ಅಂಕಿಯೂ ಆ ತಪ್ಪು ಪಾಠಕ್ಕೇ ತಾಳೆಯಾಗುತ್ತದೆ. ಮೂರು ಕ್ಯಾಸೆಟ್ಟುಗಳೂ ಹೊಂದುತ್ತವೆಯಲ್ಲ ಎಂದರೆ, ಮೂರೂ ಒಂದೇ ಮೂಲದ ಮಕ್ಕಳು. ಅವುಗಳ ಒಮ್ಮತಕ್ಕೆ ಬೆಲೆಯಿಲ್ಲ. ಆದರೆ ಕೆಟ್ಟ 41 ಮನೆಗಳ ಸಂಖ್ಯೆ ನಮ್ಮ ಕೈಯಲ್ಲಿತ್ತು. ಪಟ್ಟಿ ಯಾವ ಮನೆಯಿಂದ ಮೊದಲಾಗುತ್ತದೆಂಬುದನ್ನು ಯಂತ್ರವೇ 23627 ಮತ್ತು 23628ನೆಯ ಮನೆಗಳಲ್ಲಿ ಬರೆದಿಟ್ಟುಕೊಂಡಿರುತ್ತದೆ. ಅಲ್ಲಿಂದ ಎಣಿಸಿದರೆ ಯಾವ ಸಾಲಿನ ಎಷ್ಟನೆಯ ಅಕ್ಷರ ಶಂಕಾಸ್ಪದವೆಂಬುದು ದೊರೆಯುತ್ತದೆ. ಉಳಿದ ಅಕ್ಷರಗಳನ್ನೆಲ್ಲ ಕಣ್ಣುಮುಚ್ಚಿ ನಂಬಬಹುದು. ಯಾವ ಓಲೆಗರಿಯೂ ನನಗೆ ಇಂಥ ಸೌಲಭ್ಯವನ್ನು ಕೊಟ್ಟಿರಲಿಲ್ಲ!

ಮೊದಲ ಎಣಿಕೆಯಲ್ಲಿ ಒಂದೂ ಹೊಂದಲಿಲ್ಲ. ಎಲ್ಲವೂ ಎಂಟೆಂಟು ಅಕ್ಷರ ಆಚೆಗೆ ಬಿದ್ದವು. ಪಟ್ಟಿಯ ತಲೆಯಲ್ಲಿ ಯಂತ್ರ ತನಗಾಗಿ ಎಂಟು ಬೈಟುಗಳ ಶಿರೋಲೇಖವನ್ನು ಇಟ್ಟುಕೊಳ್ಳುವುದನ್ನು ಮಗು ಮರೆತಿದ್ದನು. ಅದನ್ನು ಕಳೆದ ಮೇಲೆ 41ರಲ್ಲಿ 24 ಮನೆಗಳು ಪಟ್ಟಿಯೊಳಗೆ ಬಿದ್ದವು. ಅಣ್ಣ ಒಪ್ಪೋಲೆಯಲ್ಲಿ ಬರೆದಿಟ್ಟಿದ್ದ ಹನ್ನೊಂದೂ ಆ ಇಪ್ಪತ್ತನಾಲ್ಕರೊಳಗೆ ಚಾಚೂ ತಪ್ಪದೆ ಬಂದವು. ಆ ಕ್ಷಣದಲ್ಲಿ ಅತ್ತಿಗೆಯವರು ಬಾಗಿಲಲ್ಲಿ ನಿಂತಿದ್ದರು. "ಹಾಗಾದರೆ ಅವರ ಕಣ್ಣು ಸರಿಯಾಗಿಯೇ ಇತ್ತು" ಎಂದರು. ಆ ಕಾಲದಲ್ಲಿ ತಪ್ಪು ಒತ್ತುತ್ತೀರೆಂದು ತಾವೂ ಎರಡು ಮಾತು ಆಡಿದ್ದರಂತೆ.

ಉಳಿದ ಹದಿಮೂರರಲ್ಲಿ ಆರು ಪದಗಳ ನಡುವಣ ಬಿಡುವಿನಲ್ಲಿ ಬಿದ್ದಿದ್ದವು. ಬಿಡುವಿನ ಸಂಖ್ಯೆ 32, ಅದರಲ್ಲಿ ಹದಿನಾರರ ಬಿಟ್ಟೇ ಇಲ್ಲ, ಕೆಡುವುದಕ್ಕೇನೂ ಇಲ್ಲ. ಇನ್ನು ಏಳು. ಅವುಗಳಲ್ಲಿ ಎರಡು 'ಎನ್' ಮತ್ತು 'ಎಲ್'. ಇವುಗಳಿಗೆ ಹದಿನಾರು ಕೂಡಿಸಿದರೆ ಅಕ್ಷರವೇ ಬರುವುದಿಲ್ಲ, ಆದುದರಿಂದ ನಿಸ್ಸಂಶಯ. ಒಂದು 'ಎ', ಅದಕ್ಕೆ ಜೊತೆ 'ಕ್ಯೂ'. ಒಂದು 'ಎಚ್', ಅದಕ್ಕೆ ಜೊತೆ 'ಎಕ್ಸ್'. ಕನ್ನಡದ ಹೆಸರು ಬರೆಯಲು ಅಣ್ಣ ಈ ಎರಡನ್ನು ಎಂದೂ ಬಳಸಿದವನಲ್ಲ. ಮೂರು ಉಳಿದವು. 'ದಳವಾರ' ಎಂದಿದ್ದುದು 'ತಳವಾರ'ನೆಂದು ಹಳ್ಳಿಯ ಮಗುವೂ ಹೇಳೀತು. 'ಮಾಬಗೌಡ' ಎಂಬ ಹೆಸರು ನಾನರಿತ ಶಾಸನಗಳಲ್ಲಿಲ್ಲ, 'ಮಾರಗೌಡ'ನೇ ಸರಿ. ಏಳನೆಯದು ಮಾತ್ರ ತೊಡಕಾಯಿತು. 'ಬಚಯ್ಯ' ಎಂದಿದೆ. ದೀರ್ಘವನ್ನು ಬರೆಯದ ಅಣ್ಣನ ಪದ್ಧತಿಯಲ್ಲಿ ಅದು 'ಬಾಚಯ್ಯ' ಆಗಬಹುದು. ಚಕಾರದ 'ಸಿ'ಗೆ ಹದಿನಾರು ಕೂಡಿಸಿದರೆ 'ಎಸ್' ಆಗಿ 'ಬಸಯ್ಯ' ಆಗಬಹುದು. ಎರಡೂ ನಮ್ಮ ನಾಡಿನ ಹೆಸರುಗಳೇ. ಹೊಯ್ಸಳರ ಕಾಲದಲ್ಲಿ ಬಾಚ ಎಂಬುದು ಬಹಳ ರೂಢಿಯ ಹೆಸರು. ಆದರೆ ರೂಢಿಯೆಂಬ ಕಾರಣದಿಂದ ಒಬ್ಬ ಸತ್ತ ವೀರನ ಹೆಸರನ್ನು ತೀರ್ಮಾನಿಸಲು ನನಗೆ ಮನಸ್ಸು ಬಾರಲಿಲ್ಲ.

ಮಗು ಎಂಟು ಚಿಪ್ಪುಗಳನ್ನೂ ತೆಗೆದು, ಪೂರ್ಣ 64 ಕೆಯ 4164 ಎಂಬ ಚಿಪ್ಪುಗಳನ್ನು ಕೂರಿಸಿದನು. ಇವಕ್ಕೆ ಐದು ವೋಲ್ಟ್ ಒಂದೇ ಸಾಕು, ಎರಡು ಅರ್ಧಗಳೂ ಒಳ್ಳೆಯವಾದುದರಿಂದ ತಂತಿ ಯಾವ ಕಡೆಗಿದ್ದರೂ ಬಾಧಕವಿಲ್ಲ. ಆದರೆ ಇವನ್ನು ಹಳೆಯ 16 ಕೆಯ ಗೂಡಿಗೆ ಹಾಗೆಯೇ ಹಾಕಬಾರದು. ಹೊಸ ಚಿಪ್ಪು ಐದು ವೋಲ್ಟನ್ನು ಬಯಸುವ ಕಾಲಿಗೆ ಅಲ್ಲಿ ಹನ್ನೆರಡು ವೋಲ್ಟ್ ಬರುತ್ತದೆ. ಇಂಥ ಯಂತ್ರ ಇಟ್ಟುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ ನೆನಪಿಡಲಿ. ಪರೀಕ್ಷೆಯನ್ನು ಮತ್ತೆ ನಡೆಸಿದೆವು. ಒಂದು ಮನೆಯೂ ತಪ್ಪಲಿಲ್ಲ.

ಮರುದಿನ ಬೆಳಿಗ್ಗೆ ಜಾವಗಲ್ಲಿನ ಮೇಲೆ ಹಳೇಬೀಡಿಗೆ ಹೋಗುವ ದಾರಿಯನ್ನು ಹಿಡಿದೆವು. ಪಟ್ಟಿಯಲ್ಲಿ "ಕೆರೆ ಏರಿ, ತೂಬಿನ ಬಲಕ್ಕೆ" ಎಂದಿತ್ತು. ಅತ್ತಿಗೆಯವರೂ ಬಂದರು. ಆ ಹಳ್ಳಿಯಲ್ಲಿ ಹಿಂದೊಮ್ಮೆ ಅವರೂ ಸೈಕಲ್ಲಿನ ಹಿಂದೆ ಕುಳಿತು ಬಂದಿದ್ದರಂತೆ. ತೂಬು ಈಗ ಕಾಂಕ್ರೀಟಿನದಾಗಿದೆ. ಬಲಕ್ಕೆ ಲಂಟಾನದ ಪೊದೆ. ದನ ಮೇಯಿಸುತ್ತಿದ್ದ ಯಜಮಾನರೊಬ್ಬರು "ಆ ಮೇಷ್ಟ್ರು ಕಡೆಯವರಾ?" ಎಂದು ಕೇಳಿ ತಾವೇ ಮಚ್ಚು ತಂದು ಪೊದೆ ಸವರಿದರು. ಕಲ್ಲು ಒರಗಿತ್ತು, ಬಿದ್ದಿರಲಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ವೀರ. ನಡುವಣ ಪಟ್ಟಿಯಲ್ಲಿ ಒಂದೂವರೆ ಸಾಲು ಬರಹ. ನೀರೆರಚಿ, ಪಾಚಿಯನ್ನು ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿ, ಓರೆಬಿಸಿಲು ಬೀಳುವಂತೆ ಅತ್ತಿಗೆಯವರು ಸೆರಗು ಹಿಡಿದು ನೆರಳು ಮಾಡಿದರು. ಬಕಾರಕ್ಕೆ ದೀರ್ಘವಿದೆ. ಮುಂದಿನ ಅಕ್ಷರವನ್ನು ನಾನು ಬೆರಳಿಂದ ತಡವಿ ನೋಡಿದೆ, ಮಗುವಿನ ಕೈಯಿಂದಲೂ ತಡವಿಸಿದೆ. ಚಕಾರ. ಬಾಚಯ್ಯ.

ಅಂದರೆ ಆ ಒಂದು ಕೆಟ್ಟ ಮನೆಯಲ್ಲಿ ಅಣ್ಣ ಒತ್ತಿದ ಅಕ್ಷರ ಕೆಡದೆ ಹಾಗೆಯೇ ಉಳಿದಿತ್ತು. ಮಗು ಕಲ್ಲಿನ ಪಟ ತೆಗೆದುಕೊಂಡು, ಪಟ್ಟಿಯ ಆ ಸಾಲಿನ ಮುಂದೆ ತಾನು ಹಾಕಿದ್ದ ಪ್ರಶ್ನಾರ್ಥಕವನ್ನು ಅಳಿಸಿದನು. ಯಜಮಾನರು, "ಏರಿಯ ಆಚೆ ಇನ್ನೊಂದೈತೆ, ಅದನ್ನ ಮೇಷ್ಟ್ರು ನೋಡಿರಲಿಲ್ಲ, ಆವಾಗ ನೀರೊಳಗಿತ್ತು" ಎಂದರು. ಅದು 621ನೆಯ ಸಾಲು.